ಸಿಎಚ್‌ಟಿ, ಇಜಿಟಿ ಪ್ರೋಬ್‌ಗೆ ಕಾಪರ್ ವೈರ್ ಜೋಡಿಸಬಹುದಾ?

ಪ್ರಶ್ನೆ: ಎರಡು ಸೀಟಿನ ಹೋಮ್‌ಬಿಲ್ಟ್ ವಿಮಾನ ಕಟ್ತಾ ಇದೀನಿ, ನಾಲ್ಕು ಸಿಲಿಂಡರ್ ಲೈಕಮಿಂಗ್ ಇಂಜಿನ್. ಇಂಜಿನ್ ಮಾನಿಟರ್ ಜೊತೆ ಬಂದ ಸಿಎಚ್‌ಟಿ (ಸಿಲಿಂಡರ್ ಹೆಡ್ ಟೆಂಪರೇಚರ್), ಇಜಿಟಿ (ಎಕ್ಸಾಸ್ಟ್ ಗ್ಯಾಸ್ ಟೆಂಪರೇಚರ್) ಪ್ರೋಬ್‌ಗಳ ವೈರ್ ಫೈರ್‌ವಾಲ್ ತನಕ, ಅಂದ್ರೆ ಇಂಜಿನ್‌ಗೂ ಕ್ಯಾಬಿನ್‌ಗೂ ಮಧ್ಯದ ಗೋಡೆ ತನಕ ಮಾತ್ರ ಬರುತ್ತೆ, ಮಾನಿಟರ್‌ಗೆ ಇನ್ನೂ ಒಂದೂವರೆ ಮೀಟರ್ ಬೇಕು. ನನ್ನ ಹತ್ರ ಒಳ್ಳೆ 22 ಗೇಜ್ ಏರ್‌ಕ್ರಾಫ್ಟ್ ವೈರ್ ಇದೆ, ಅದನ್ನೇ ಜೋಡಿಸಬಹುದಾ? ಆಯಿಲ್ ಟೆಂಪರೇಚರ್ ಸೆನ್ಸರ್‌ಗೆ ಅದೇ ವೈರ್ ಹಾಕಿ ಅಂತ ಮ್ಯಾನ್ಯುಅಲ್ಲೇ ಹೇಳುತ್ತೆ. ತಾತ್ಕಾಲಿಕವಾಗಿ ಜೋಡಿಸಿ ನೋಡಿದೆ, ಶೆಡ್‌ನಲ್ಲಿ ಎಂಟೂ ರೀಡಿಂಗ್ ಸರಿಯಾಗೇ ಬಂತು. ಒಂದೇ ತೊಂದರೆ, ಲ್ಯಾಂಡಿಂಗ್ ಲೈಟ್ ಹಾಕಿದ್ರೆ ಆಯಿಲ್ ಟೆಂಪರೇಚರ್ ಏಳೆಂಟು ಡಿಗ್ರಿ ಮೇಲೆ ಹಾರುತ್ತೆ. ಅದ್ಯಾಕೆ?

ಉತ್ತರ: ಸಿಎಚ್‌ಟಿ, ಇಜಿಟಿ ಎರಡಕ್ಕೂ ಕಾಪರ್ ಬೇಡ, ಎಷ್ಟೇ ಒಳ್ಳೆ ವೈರ್ ಆಗಿದ್ರೂ ಬೇಡ. ಆಯಿಲ್ ಸೆನ್ಸರ್‌ಗೆ ಧಾರಾಳವಾಗಿ ಹಾಕಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ಯೋಚನೆ ಹತ್ತಿಸಿದ್ದು ಕಾಪರ್ ವಿಷಯಕ್ಕಿಂತ ಹೆಚ್ಚಾಗಿ "ಶೆಡ್‌ನಲ್ಲಿ ಸರಿಯಾಗೇ ಬಂತು" ಅನ್ನೋ ಮಾತು, ಯಾಕಂದ್ರೆ ಎಲ್ಲ ತಣ್ಣಗಿರುವಾಗ ಸುಮ್ನೆ ರೀಡಿಂಗ್ ನೋಡಿದ್ರೆ ಈ ತಪ್ಪು ಶೆಡ್‌ನಲ್ಲಿ ಸಿಕ್ಕಿಬೀಳೋದೇ ಇಲ್ಲ, ಇಂಜಿನ್ ಬಿಸಿಯಾಗಿ ವಿಮಾನ ಮೇಲೆ ಹೋದಾಗ್ಲೇ ಅದು ಶುರುವಾಗೋದು, ಆಗ್ಲೂ ಸ್ಕ್ರೀನ್ ಮೇಲೆ ಏನೂ ತಪ್ಪಾಗಿದೆ ಅಂತ ಅನ್ಸಲ್ಲ, ನಂಬೋ ಹಂಗಿರೋ ನಂಬರೇ ಕಾಣುತ್ತೆ.

ಯಾಕೆ ಹೀಗೆ ಅಂತ ಸ್ವಲ್ಪ ಬಿಡಿಸಿ ಹೇಳ್ತೀನಿ, ಇದು ಅರ್ಥ ಆದ್ರೆ ಮಿಕ್ಕಿದ್ದೆಲ್ಲ ನೀವೇ ಕಂಡುಕೊಳ್ತೀರ. ಸಿಎಚ್‌ಟಿ, ಇಜಿಟಿ ಪ್ರೋಬ್ ಎರಡೂ ಥರ್ಮೋಕಪಲ್. ಎರಡು ಬೇರೆ ಬೇರೆ ಲೋಹದ ತಂತಿ, ತುದೀಲಿ ಬೆಸೆದಿರ್ತಾರೆ, ಅಷ್ಟೇ. 1821ರಲ್ಲಿ ಸೀಬೆಕ್ ಅನ್ನೋ ವಿಜ್ಞಾನಿ ಕಂಡುಹಿಡಿದ ವಿಷಯ ಇದು. ಎಲ್ರೂ ಅಂದ್ಕೊಳ್ಳೋದು ಆ ಬೆಸೆದ ತುದೀಲಿ ವೋಲ್ಟೇಜ್ ಹುಟ್ಟುತ್ತೆ, ವೈರ್ ಅದನ್ನ ಸುಮ್ನೆ ಹೊತ್ಕೊಂಡು ಬರುತ್ತೆ ಅಂತ. ಹಂಗಲ್ಲ. ವೋಲ್ಟೇಜ್ ಹುಟ್ಟೋದು ವೈರ್ ಉದ್ದಕ್ಕೂ, ಎಲ್ಲೆಲ್ಲಿ ಒಂದು ಕಡೆ ಬಿಸಿ ಇನ್ನೊಂದು ಕಡೆ ತಂಪು ಇದೆಯೋ ಅಲ್ಲೆಲ್ಲ. ಅಂದ್ರೆ ಪ್ರೋಬ್ ತುದಿಯಿಂದ ಮಾನಿಟರ್ ಹಿಂದಿನ ಕನೆಕ್ಟರ್ ತನಕ ಇಡೀ ವೈರೇ ಸೆನ್ಸರ್. ಅದರಲ್ಲಿ ಒಂದೂವರೆ ಮೀಟರ್ ತೆಗೆದು ಕಾಪರ್ ಹಾಕಿದ್ರೆ ಸೆನ್ಸರಿನಲ್ಲೇ ಒಂದೂವರೆ ಮೀಟರ್ ಕತ್ತರಿಸಿ ಬಿಸಾಕಿದ ಹಾಗೆ.

ಇನ್ನೊಂದು ವಿಷಯ, ಥರ್ಮೋಕಪಲ್ ಹೇಳೋದು ವ್ಯತ್ಯಾಸ ಮಾತ್ರ, ಪ್ರೋಬ್ ತುದಿಗೂ ಮಾನಿಟರ್ ಕನೆಕ್ಟರ್‌ಗೂ ಎಷ್ಟು ಡಿಗ್ರಿ ವ್ಯತ್ಯಾಸ ಇದೆ ಅಂತ. ಮಾನಿಟರ್ ಒಳಗೆ ಒಂದು ಪುಟ್ಟ ಸೆನ್ಸರ್ ಇರುತ್ತೆ, ಅದು ಕನೆಕ್ಟರ್ ಹತ್ರದ ಟೆಂಪರೇಚರ್ ಅಳೆದು ಆ ವ್ಯತ್ಯಾಸಕ್ಕೆ ಕೂಡಿಸುತ್ತೆ, ಇದಕ್ಕೆ ಕೋಲ್ಡ್ ಜಂಕ್ಷನ್ ಕಾಂಪೆನ್ಸೇಷನ್ ಅಂತಾರೆ. ಈಗ ನಿಮ್ಮ ಕೇಸ್ ನೋಡಿ. ಜಾಯಿಂಟ್ ಫೈರ್‌ವಾಲ್ ಇಂಜಿನ್ ಕಡೆ ಇದೆ, ಹಾರಾಡುವಾಗ ಅಲ್ಲಿ 65 ಡಿಗ್ರಿ ಅಂತ ಇಟ್ಕೊಳ್ಳಿ, ಮಾನಿಟರ್ ಹಿಂದೆ 25 ಡಿಗ್ರಿ. ಥರ್ಮೋಕಪಲ್ ಮುಗಿದಿದ್ದು 65 ಡಿಗ್ರಿ ಇರೋ ಜಾಗದಲ್ಲಿ, ಆದ್ರೆ ಮಾನಿಟರ್ ಕೂಡಿಸೋದು 25. ಅಲ್ಲಿಗೆ 40 ಡಿಗ್ರಿ ಸೆಲ್ಸಿಯಸ್ ಕಾಣೆಯಾಯ್ತು. ಸಿಲಿಂಡರ್ ಹೆಡ್ ನಿಜವಾಗ್ಲೂ 235 ಇದ್ರೆ ನಿಮಗೆ 195 ತೋರ್ಸುತ್ತೆ. ನೀವು ಕ್ಲೈಂಬ್‌ನಲ್ಲಿ ಅದನ್ನ ನೋಡಿ, ಪರ್ವಾಗಿಲ್ಲ ತಣ್ಣಗಿದೆ ಅಂತ ಮೂತಿ ಇನ್ನೂ ಮೇಲೆತ್ತಿ ಹೋಗ್ತೀರ. ಲೈಕಮಿಂಗ್‌ನ ಎಷ್ಟೋ ಮಾಡೆಲ್‌ಗಳಿಗೆ ಗರಿಷ್ಠ 260 ಡಿಗ್ರಿ, ಆದ್ರೆ ಸಿಲಿಂಡರ್ ಬಾಳಿಕೆ ಬರಬೇಕಾದ್ರೆ 224 ದಾಟಿಸ್ಬೇಡಿ ಅಂತ ಕಂಪನಿನೇ ಹೇಳುತ್ತೆ, ಕ್ರೂಸ್‌ನಲ್ಲಿ 205ರ ಒಳಗಿದ್ರೆ ಇನ್ನೂ ಒಳ್ಳೇದು. ಈ ಮಿತಿಗಳ ಮಧ್ಯ ಇರೋ ಅಂತರವೇ ಇಪ್ಪತ್ತು, ಮೂವತ್ತೈದು ಡಿಗ್ರಿ, ಅಂಥದ್ರಲ್ಲಿ 40 ಡಿಗ್ರಿ ತಪ್ಪು, ಅದೂ ಕಮ್ಮಿ ತೋರ್ಸೋ ಕಡೆಗೆ, ಅಂದ್ರೆ ಸಿಎಚ್‌ಟಿ ಇಟ್ಟು ಏನೂ ಉಪಯೋಗ ಇಲ್ಲ.

ಶೆಡ್‌ನಲ್ಲಿ ಯಾಕೆ ಸರಿ ಬಂತು ಅಂದ್ರೆ ಅಲ್ಲಿ ಇಂಜಿನ್, ಫೈರ್‌ವಾಲ್, ಪ್ಯಾನೆಲ್ ಎಲ್ಲ ಒಂದೇ ಟೆಂಪರೇಚರ್, ವ್ಯತ್ಯಾಸನೇ ಇಲ್ಲ, ಹಂಗಾಗಿ ಯಾವ ವೈರ್ ಹಾಕಿದ್ರೂ, ಕಬ್ಬಿಣದ ಬೇಲಿ ತಂತಿ ಹಾಕಿದ್ರೂ, ಮಾನಿಟರ್ ತನ್ನ ಒಳಗಿನ ಸೆನ್ಸರಿನ ನಂಬರನ್ನೇ ಎಂಟೂ ಕಡೆ ತೋರ್ಸುತ್ತೆ. ಅದು ಟೆಸ್ಟೇ ಅಲ್ಲ. ವೈರ್ ತುಂಡಾಗಿಲ್ಲ ಅನ್ನೋದು ಬಿಟ್ಟು ಬೇರೇನೂ ಅದರಿಂದ ಗೊತ್ತಾಗಲ್ಲ.

ಇಜಿಟಿಗೆ ಇದೇ ತಪ್ಪಾದ್ರೆ ಅಷ್ಟು ಅಪಾಯ ಇಲ್ಲ ಅಂತ ಕೆಲವರು ವಾದ ಮಾಡ್ತಾರೆ, 750 ಡಿಗ್ರೀಲಿ 40 ಹೋದ್ರೆ ಏನು, ಇಜಿಟೀಲಿ ನೋಡೋದು ಪೀಕ್‌ನಿಂದ, ಅಂದ್ರೆ ಇಂಧನ ಗಾಳಿ ಮಿಶ್ರಣ ಬದಲಾಯಿಸುವಾಗ ಬರೋ ಗರಿಷ್ಠ ಇಜಿಟಿಯಿಂದ, ಎಷ್ಟು ಕೆಳಗಿದೀವಿ ಅಂತ ತಾನೇ ಅಂತ. ಅರ್ಧ ನಿಜ. ಆದ್ರೆ ಫೈರ್‌ವಾಲ್ ಹತ್ರದ ಬಿಸಿ ಒಂದೇ ತರ ಇರಲ್ಲ, ಟ್ಯಾಕ್ಸಿ ಮಾಡುವಾಗ ಒಂದು, ಕ್ಲೈಂಬ್‌ನಲ್ಲಿ ಒಂದು, ಇಳಿಯುವಾಗ ಇನ್ನೊಂದು, ತಪ್ಪೂ ಜೊತೆಜೊತೆಗೇ ಅಲೆದಾಡುತ್ತೆ. ಹೋದ ತಿಂಗಳ ಡೇಟಾ ಜೊತೆ ಇವತ್ತಿನ ಡೇಟಾ ಹೋಲಿಸಿ ವಾಲ್ವ್ ಹಾಳಾಗ್ತಿದೆಯಾ ಅಂತ ನೋಡೋ ಸೌಕರ್ಯನೇ ಹೋಗುತ್ತೆ. ಹೇಗೂ ಒಂದೂವರೆ ಮೀಟರ್ ವೈರ್, ಸರಿಯಾದ್ದೇ ಹಾಕಿ.

ಸರಿಯಾದ್ದು ಅಂದ್ರೆ ಯಾವುದು? ಸಾಮಾನ್ಯವಾಗಿ ಸಿಎಚ್‌ಟಿಗೆ ಟೈಪ್ ಜೆ, ಇಜಿಟಿಗೆ ಟೈಪ್ ಕೆ ಬರುತ್ತೆ, ಆದ್ರೆ ಕೆಲವು ಮಾನಿಟರ್‌ಗಳಲ್ಲಿ ಸಿಎಚ್‌ಟಿನೂ ಕೆ ಆಗಿರುತ್ತೆ, ನಿಮ್ಮ ಪ್ರೋಬ್ ಜೊತೆ ಬಂದ ಪೇಪರ್ ನೋಡ್ಕೊಂಡೇ ಆರ್ಡರ್ ಮಾಡಿ. ಟೈಪ್ ಜೆ ಅಂದ್ರೆ ಒಂದು ತಂತಿ ಕಬ್ಬಿಣ ಒಂದು ಕಾನ್ಸ್ಟಂಟನ್ (ತಾಮ್ರ ನಿಕಲ್ ಮಿಶ್ರಲೋಹ), ಅಮೆರಿಕನ್ ಬಣ್ಣದ ಪ್ರಕಾರ ಬಿಳಿ ಪ್ಲಸ್, ಕೆಂಪು ಮೈನಸ್. ಟೈಪ್ ಕೆ ಅಂದ್ರೆ ಕ್ರೋಮೆಲ್ ಮತ್ತು ಅಲ್ಯುಮೆಲ್ ಅನ್ನೋ ಎರಡು ನಿಕಲ್ ಮಿಶ್ರಲೋಹ, ಹಳದಿ ಪ್ಲಸ್, ಕೆಂಪು ಮೈನಸ್. ಇಲ್ಲೇ ಎಲ್ರೂ ಎಡವೋದು, ಬ್ಯಾಟರಿ ವೈರಿಂಗ್ ಮಾಡಿ ಅಭ್ಯಾಸ ಇರೋ ಕೈಗೆ ಕೆಂಪು ಅಂದ್ರೆ ಪ್ಲಸ್, ಥರ್ಮೋಕಪಲ್‌ನಲ್ಲಿ ಕೆಂಪು ಮೈನಸ್. ಯುರೋಪಿನ ಐಇಸಿ ಬಣ್ಣ ಬೇರೆ, ಅಲ್ಲಿ ಕೆ ಅಂದ್ರೆ ಹಸಿರು, ಜೆ ಅಂದ್ರೆ ಕಪ್ಪು, ಎರಡಕ್ಕೂ ಮೈನಸ್ ಬಿಳಿ. ಬಿಳಿ ತಂತಿ ಒಂದು ಕಡೆ ಪ್ಲಸ್ ಇನ್ನೊಂದು ಕಡೆ ಮೈನಸ್ ಆಗೋದ್ರಿಂದ ಎರಡು ದೇಶದ ವೈರ್ ಮಿಕ್ಸ್ ಆದಾಗ ಬಣ್ಣ ನಂಬ್ಕೊಂಡು ಕೂರಬೇಡಿ. ಒಂದು ಆಯಸ್ಕಾಂತ ತಗೊಳ್ಳಿ. ಜೆ ವೈರ್‌ನಲ್ಲಿ ಪ್ಲಸ್ ತಂತಿ, ಅಂದ್ರೆ ಕಬ್ಬಿಣ, ಆಯಸ್ಕಾಂತಕ್ಕೆ ಅಂಟುತ್ತೆ. ಕೆ ವೈರ್‌ನಲ್ಲಿ ಮೈನಸ್ ತಂತಿ, ಅಲ್ಯುಮೆಲ್, ಅಂಟುತ್ತೆ. ಎರಡೂ ಅಂಟದೇ ಇದ್ರೆ ನಿಮ್ಮ ಕೈಲಿರೋದು ಕಾಪರ್ರೋ ಇನ್ನೇನೋ. ಇನ್ಸುಲೇಷನ್ ಬಣ್ಣ ಮಾಸಿ ಹೋಗಿರೋ ಹಳೇ ಇಂಜಿನ್‌ನಲ್ಲಿ ಇದಕ್ಕಿಂತ ಒಳ್ಳೆ ಉಪಾಯ ಇಲ್ಲ.

ಜೆ ಪ್ರೋಬ್‌ಗೆ ಕೆ ಎಕ್ಸ್‌ಟೆನ್ಷನ್ ಹಾಕಿದ್ರೆ ಅದೇ 40 ಡಿಗ್ರಿ ಅಂತರಕ್ಕೆ ಎಂಟು ಡಿಗ್ರಿಯಷ್ಟು ತಪ್ಪು ಬರುತ್ತೆ, ಕಾಪರ್‌ಗಿಂತ ವಾಸಿ, ಆದ್ರೂ ತಪ್ಪೇ. ಅದಕ್ಕಿಂತ ದೊಡ್ಡದು ಮಾನಿಟರ್ ಸೆಟಪ್‌ನಲ್ಲಿ ಪ್ರೋಬ್ ಟೈಪ್ ತಪ್ಪು ಆರಿಸೋದು. ಪ್ಯಾನೆಲ್ 25 ಡಿಗ್ರಿ ಇದ್ದಾಗ, ಜೆ ಪ್ರೋಬ್ ಹಾಕಿ ಸೆಟಪ್‌ನಲ್ಲಿ ಕೆ ಅಂತ ಕೊಟ್ರೆ 200 ಡಿಗ್ರಿ ಇರೋ ಹೆಡ್ ಸುಮಾರು 258 ಅಂತ ಕಾಣುತ್ತೆ, ಉಲ್ಟಾ ಮಾಡಿದ್ರೆ, ಅಂದ್ರೆ ಕೆ ಪ್ರೋಬ್‌ಗೆ ಜೆ ಅಂತ ಕೊಟ್ರೆ, ಅದೇ 200 ಡಿಗ್ರಿ 157 ಅಂತ ಕಾಣುತ್ತೆ. ಇದೂ ತಣ್ಣಗಿರೋ ಇಂಜಿನ್‌ನಲ್ಲಿ ಗೊತ್ತಾಗಲ್ಲ.

ಪ್ಲಸ್ ಮೈನಸ್ ಅದಲುಬದಲಾದ್ರೆ ಏನಾಗುತ್ತೆ ಅನ್ನೋದ್ರಲ್ಲೂ ಎರಡು ತರ ಇದೆ. ಒಂದೇ ಕಡೆ ಅದಲುಬದಲಾದ್ರೆ ಇಂಜಿನ್ ಬಿಸಿಯಾದಷ್ಟೂ ರೀಡಿಂಗ್ ಇಳಿಯುತ್ತೆ, ಸೊನ್ನೆಗಿಂತ ಕೆಳಗೂ ಹೋಗುತ್ತೆ, ಅದು ತಕ್ಷಣ ಕಣ್ಣಿಗೆ ಬೀಳುತ್ತೆ, ಬದಲಾಯಿಸ್ತೀರ, ಮುಗೀತು. ಕೆಟ್ಟದ್ದು ಎರಡನೇದು, ಎಕ್ಸ್‌ಟೆನ್ಷನ್ ವೈರಿನ ಎರಡೂ ತುದೀಲಿ ಅದಲುಬದಲಾಗಿರೋದು. ಆಗ ರೀಡಿಂಗ್ ಸರಿಯಾಗೇ ಏರುತ್ತೆ, ಆದ್ರೆ ಎಕ್ಸ್‌ಟೆನ್ಷನ್ ಉದ್ದಕ್ಕೂ ಇರೋ 40 ಡಿಗ್ರಿ ಕೂಡೋ ಬದಲು ಕಳೆಯುತ್ತೆ, ಒಟ್ಟು ತಪ್ಪು 80 ಡಿಗ್ರಿ, ಅಂದ್ರೆ ಕಾಪರ್ ಹಾಕಿದ್ದಕ್ಕಿಂತ ಎರಡು ಪಟ್ಟು. ಪ್ರೋಬ್ ಹತ್ರ ಕೆಂಪಿಗೆ ಕೆಂಪು ಸೇರಿದೆಯಾ, ಕನೆಕ್ಟರ್ ಪಿನ್ ಹತ್ರ ಕೆಂಪು ಮೈನಸ್‌ಗೆ ಹೋಗಿದೆಯಾ, ಎರಡೂ ಕಡೆ ಬೇರೆ ಬೇರೆಯಾಗಿ ನೋಡಿ. ಒಂದು ಕಡೆ ಉಲ್ಟಾ ಇದೆ ಅಂತ ಸರಿಮಾಡೋಕೆ ಇನ್ನೊಂದು ಕಡೆ ಉಲ್ಟಾ ಮಾಡೋ ಅಭ್ಯಾಸ ಇಲ್ಲಿ ನಡೆಯಲ್ಲ.

ವೈರ್ ಜಾಸ್ತಿ ಎಳೆಯೋದೇ ಬೇಡ ಅನ್ನೋರಿಗೆ ಇನ್ನೊಂದು ದಾರಿ ಇದೆ. ನಿಮ್ಮ ಮಾನಿಟರ್ ಡಿಸ್‌ಪ್ಲೇ ಬೇರೆ, ಸೆನ್ಸರ್ ಬಾಕ್ಸ್ ಬೇರೆ ಇರೋ ತರದ್ದಾದ್ರೆ ಆ ಬಾಕ್ಸನ್ನ ಫೈರ್‌ವಾಲ್‌ನ ಕ್ಯಾಬಿನ್ ಕಡೆಗೆ ಹಾಕಿ. ಕೋಲ್ಡ್ ಜಂಕ್ಷನ್ ಆ ಬಾಕ್ಸಲ್ಲೇ ಇರುತ್ತೆ, ಅಲ್ಲಿಂದ ಡಿಸ್‌ಪ್ಲೇಗೆ ಹೋಗೋದು ಡೇಟಾ, ಅದಕ್ಕೆ ಸಾಮಾನ್ಯ ವೈರ್ ಸಾಕು. ನನ್ನ ಅಭಿಪ್ರಾಯದಲ್ಲಿ ಹೊಸದಾಗಿ ಕಟ್ತಾ ಇರೋರಿಗೆ ಇದೇ ಚಂದ. ಒಂದೇ ಎಚ್ಚರಿಕೆ, ಬಾಕ್ಸಿಗೆ ಅಥವಾ ಮಾನಿಟರ್ ಕನೆಕ್ಟರ್‌ಗೆ ಕ್ಯಾಬಿನ್ ಹೀಟರ್ ಗಾಳಿ ನೇರವಾಗಿ ಬಡೀಬಾರದು, ಪಿನ್ ಬೇಗ ಬಿಸಿಯಾಗಿ ಒಳಗಿನ ಸೆನ್ಸರ್ ತಡವಾಗಿ ಬಿಸಿಯಾದ್ರೆ ಆ ಹೊತ್ತಲ್ಲಿ ಎಲ್ಲ ಸಿಲಿಂಡರೂ ಒಟ್ಟಿಗೆ ತಪ್ಪು ತೋರ್ಸುತ್ವೆ.

ಈಗ ಜಾಯಿಂಟ್ ಮಾಡೋದು. ಥರ್ಮೋಕಪಲ್ ತಂತೀನ ಸೋಲ್ಡರ್ ಮಾಡೋಕೆ ಹೋಗಬೇಡಿ, ಕ್ರೋಮೆಲ್ಲು ಅಲ್ಯುಮೆಲ್ಲು ಸಾಮಾನ್ಯ ಫ್ಲಕ್ಸ್‌ಗೆ ಹಿಡಿಯಲ್ಲ, ಹಿಡಿದ ಹಾಗೆ ಕಾಣುತ್ತೆ, ನಡುಗಿದಾಗ ಬಿಡುತ್ತೆ. ಕ್ರಿಂಪ್ ಮಾಡಿ. ಸಣ್ಣ ರಿಂಗ್ ಟರ್ಮಿನಲ್ ಹಾಕಿ ಎರಡು ರಿಂಗ್ ಬೆನ್ನಿಗೆ ಬೆನ್ನು ಇಟ್ಟು ಸ್ಕ್ರೂ, ಸ್ಟಾರ್ ವಾಷರ್, ಲಾಕ್ ನಟ್ ಹಾಕಿ ಬಿಗಿಯೋದು ಹಳೇ ಪದ್ಧತಿ, ನೋಡೋಕೆ ದಪ್ಪ ಆದ್ರೂ ಬಿಚ್ಚೋಕೆ ಸುಲಭ, ವರ್ಷಗಟ್ಟಲೆ ಇರುತ್ತೆ. ತಂತಿ ತೆಳ್ಳಗಿದ್ರೆ ಸುಲಿದ ತುದೀನ ಮಡಚಿ ಎರಡು ಪಟ್ಟು ಮಾಡಿ ಬ್ಯಾರಲ್ ಒಳಗೆ ತುಂಬೋ ಹಂಗೆ ತೂರಿಸಿ ಆಮೇಲೆ ಒತ್ತಿ, ಒತ್ತಿದ ಮೇಲೆ ಜಗ್ಗಿ ನೋಡಿ, ಜಾರಿದ್ರೆ ಕತ್ತರಿಸಿ ಮತ್ತೆ ಮಾಡಿ. ಸುಲಿಯುವಾಗ ಎಳೆ ಕತ್ತರಿಸಬೇಡಿ, ಈ ತಂತಿ ಕಾಪರ್ ತರ ಮೆದು ಅಲ್ಲ, ಒಂದು ಗೀರು ಬಿದ್ರೂ ಅಲ್ಲಾಡಿ ಅಲ್ಲಾಡಿ ಅಲ್ಲೇ ಮುರಿಯುತ್ತೆ. ಇನ್ನು, ಟರ್ಮಿನಲ್ಲೇ ಕಾಪರ್ ತಾನೇ, ಅದು ಪರ್ವಾಗಿಲ್ವಾ ಅಂತ ನೀವು ಕೇಳಬಹುದು. ಪರ್ವಾಗಿಲ್ಲ. ಮಧ್ಯ ಬಂದ ಮೂರನೇ ಲೋಹದ ಎರಡೂ ತುದಿ ಒಂದೇ ಟೆಂಪರೇಚರಲ್ಲಿದ್ರೆ ಅದು ಲೆಕ್ಕಕ್ಕೆ ಬರಲ್ಲ, ಒಂದು ಸೆಂಟಿಮೀಟರ್ ಟರ್ಮಿನಲ್ಲಿನ ಎರಡು ತುದಿ ಮಧ್ಯ ಅಂಥ ವ್ಯತ್ಯಾಸ ಇರಲ್ಲ. ಮಾನಿಟರ್ ಕನೆಕ್ಟರಿನ ಗೋಲ್ಡ್ ಪಿನ್‌ಗೂ ಇದೇ ನ್ಯಾಯ. ಅದಕ್ಕೇ ಪ್ಲಸ್ ಜಾಯಿಂಟು ಮೈನಸ್ ಜಾಯಿಂಟು ಅಕ್ಕಪಕ್ಕದಲ್ಲೇ ಇರಲಿ, ಒಂದೊಂದಕ್ಕೂ ಬೇರೆ ಸ್ಲೀವ್ ಹಾಕಿ, ಎರಡನ್ನೂ ಸೇರಿಸಿ ಮೇಲೊಂದು ಸ್ಲೀವ್ ಎಳೀರಿ, ಎಕ್ಸಾಸ್ಟ್ ಪೈಪ್ ನೇರವಾಗಿ ಕಾಣೋ ಜಾಗದಲ್ಲಿ ಜಾಯಿಂಟ್ ಇಡಬೇಡಿ. ಫೈರ್‌ವಾಲ್ ದಾಟಿಸುವಾಗ ಸಾಮಾನ್ಯ ಬಲ್ಕ್‌ಹೆಡ್ ಕನೆಕ್ಟರ್ ಹಾಕೋ ಆಸೆ ಬರುತ್ತೆ, ಬಿಟ್ಬಿಡಿ, ಅದರ ಒಂದು ಮುಖ ಇಂಜಿನ್ ಬಿಸೀಲಿ ಇನ್ನೊಂದು ಮುಖ ಕ್ಯಾಬಿನ್ ತಂಪಲ್ಲಿ ಇರುತ್ತೆ. ವೈರನ್ನ ತುಂಡು ಮಾಡದೆ ಸ್ಟೀಲ್ ಪಾಸ್‌ಥ್ರೂನಲ್ಲಿ ದಾಟಿಸಿ, ಫೈರ್ ಸ್ಲೀವ್ ಹಾಕಿ, ಬೆಂಕಿ ತಡೆಯೋ ಸೀಲಂಟ್ ತುಂಬಿ. ವೈರ್ ಉದ್ದ ಜಾಸ್ತಿ ಆಯ್ತು ಅಂದ್ರೆ ಕತ್ತರಿಸಬಹುದು, ಈಗಿನ ಡಿಜಿಟಲ್ ಮಾನಿಟರ್‌ಗೆ ಉದ್ದ ಹೆಚ್ಚುಕಮ್ಮಿ ಆದ್ರೆ ಏನೂ ಆಗಲ್ಲ, ಹಳೇ ಮುಳ್ಳಿನ ಗೇಜ್‌ಗೆ ಮಾತ್ರ ವೈರ್ ಉದ್ದ ಕಂಪನಿ ಹೇಳಿದಷ್ಟೇ ಇರಬೇಕಿತ್ತು.

ವೈರ್ ಓಡಿಸೋದ್ರ ಬಗ್ಗೆ ಒಂದು ಮಾತು ತುಂಬ ಜನಕ್ಕೆ ಗೊತ್ತಿರಲ್ಲ. ಎರಡು ತಂತಿ ಮಧ್ಯ ಎಲ್ಲಾದ್ರೂ ಇನ್ಸುಲೇಷನ್ ಸವೆದು ಒಂದಕ್ಕೊಂದು ತಗುಲಿದ್ರೆ ಅಲ್ಲೇ ಒಂದು ಹೊಸ ಥರ್ಮೋಕಪಲ್ ಹುಟ್ಟುತ್ತೆ, ಮಾನಿಟರ್ ಆ ಜಾಗದ ಟೆಂಪರೇಚರ್ ತೋರ್ಸೋಕೆ ಶುರುಮಾಡುತ್ತೆ. ಫೈರ್‌ವಾಲ್ ಹತ್ರ ಕ್ಲ್ಯಾಂಪ್ ಕೆಳಗೆ ವೈರ್ ಜಜ್ಜಿ ಹೋಗಿದೆ ಅಂತ ಇಟ್ಕೊಳ್ಳಿ, ಮೂರನೇ ಸಿಲಿಂಡರ್ 210 ಇದ್ರೂ ಸ್ಕ್ರೀನ್ ಮೇಲೆ 70 ಅಂತ ಬರುತ್ತೆ, ಇಂಜಿನ್ ಬಿಸಿಯಾದಂತೆ ಅದೂ ನಿಧಾನವಾಗಿ ಏರುತ್ತೆ, ಎರರ್ ಬರಲ್ಲ, ಅಲಾರಂ ಬರಲ್ಲ. ಹಂಗಾಗಿ ಒಂದು ಸಿಲಿಂಡರ್ ಮಿಕ್ಕಿದ್ದಕ್ಕಿಂತ ತುಂಬ ತಣ್ಣಗಿದೆ ಅಂದ್ರೆ ಖುಷಿಪಡೋಕೆ ಮುಂಚೆ ವೈರ್ ಮೇಲೆ ಕೈಯಾಡಿಸಿ. ರಬ್ಬರ್ ಕುಶನ್ ಇರೋ ಆ್ಯಡಲ್ ಕ್ಲ್ಯಾಂಪ್ ಬಳಸಿ, ಇಂಜಿನ್ ಮೌಂಟ್ ಪೈಪಿಗೆ ನೈಲಾನ್ ಜಿಪ್ ಟೈ ನೇರವಾಗಿ ಕಟ್ಟಿದ್ರೆ ಅದು ನಡುಗಿ ನಡುಗಿ ಪೇಂಟನ್ನೂ ಆಮೇಲೆ ಸ್ಟೀಲನ್ನೂ ತಿನ್ನುತ್ತೆ, ಕಟ್ಟಲೇಬೇಕು ಅಂದ್ರೆ ಕೆಳಗೆ ಸಿಲಿಕೋನ್ ಟೇಪ್ ಸುತ್ತಿ. ಇಂಜಿನ್ನಿಂದ ಮೌಂಟ್‌ಗೆ ಹಾರೋ ಜಾಗದಲ್ಲಿ ವೈರ್ ಸಡಿಲ ಬಿಡಿ, ಸ್ಟಾರ್ಟ್ ಮಾಡುವಾಗ, ಆಫ್ ಮಾಡುವಾಗ ಇಂಜಿನ್ ರಬ್ಬರ್ ಮೌಂಟ್ ಮೇಲೆ ಎಷ್ಟು ಕುಣಿಯುತ್ತೆ ಅಂತ ಪಕ್ಕದಲ್ಲಿ ನಿಂತು ನೋಡಿದೋರಿಗೆ ಗೊತ್ತು. ಪ್ಲಗ್ ವೈರ್, ಮ್ಯಾಗ್ನೆಟೋ ಪಿ ಲೀಡ್ (ಮ್ಯಾಗ್ನೆಟೋದಿಂದ ಇಗ್ನಿಷನ್ ಸ್ವಿಚ್‌ಗೆ ಹೋಗೋ ವೈರ್), ಆಲ್ಟರ್ನೇಟರಿನ ದಪ್ಪ ವೈರ್, ರೇಡಿಯೋ ಕೋಯಾಕ್ಸ್ (ಆಂಟೆನಾ ಕೇಬಲ್) ಇವುಗಳ ಜೊತೆ ಒಂದೇ ಕಟ್ಟಲ್ಲಿ ಕಟ್ಟಬೇಡಿ.

ಪ್ರೋಬ್ ಹಾಕೋ ಜಾಗ ನೀವು ಕೇಳಿಲ್ಲ, ಆದ್ರೂ ಚಿಕ್ಕದಾಗಿ. ಇಜಿಟಿ ಪ್ರೋಬ್ ನಾಲ್ಕೂ ಎಕ್ಸಾಸ್ಟ್ ಫ್ಲ್ಯಾಂಜ್‌ನಿಂದ ಒಂದೇ ದೂರದಲ್ಲಿ ಇರಲಿ, ಸಾಮಾನ್ಯವಾಗಿ 50ರಿಂದ 100 ಮಿಲಿಮೀಟರ್, ತುದಿ ಪೈಪ್ ಮಧ್ಯಕ್ಕೆ ಬರಲಿ, ವೆಲ್ಡ್ ಮೇಲೆ ತೂತು ಕೊರೀಬೇಡಿ. ಸಿಎಚ್‌ಟಿಗೆ ಹೆಡ್‌ನಲ್ಲಿ ಅದಕ್ಕಂತಲೇ ಇರೋ ತೂತಲ್ಲಿ ಬಯೊನೆಟ್ ಪ್ರೋಬ್ ಹಾಕಿ. ಪ್ಲಗ್ ಕೆಳಗೆ ಹಾಕೋ ವಾಷರ್ ತರದ ಪ್ರೋಬ್ ಬೇರೆ ಜಾಗದ ಟೆಂಪರೇಚರ್ ಹೇಳುತ್ತೆ, ಕಂಪನಿ ಕೊಟ್ಟ ಮಿತಿಗೆ ಅದನ್ನ ಹೋಲಿಸೋಕೆ ಆಗಲ್ಲ.

ಇನ್ನು ಆಯಿಲ್ ಟೆಂಪರೇಚರ್‌ಗೆ ಕಾಪರ್ ಯಾಕೆ ಓಕೆ ಅಂದ್ರೆ ಅದು ಥರ್ಮೋಕಪಲ್ಲೇ ಅಲ್ಲ, ರೆಸಿಸ್ಟೆನ್ಸ್ ಬದಲಾಗೋ ಸೆನ್ಸರ್. ಮಾನಿಟರ್ ಒಂಚೂರು ಕರೆಂಟ್ ಕಳಿಸಿ ರೆಸಿಸ್ಟೆನ್ಸ್ ಎಷ್ಟಿದೆ ಅಂತ ನೋಡುತ್ತೆ, ಮಧ್ಯದ ವೈರ್ ಎಲ್ಲಿ ಬಿಸಿ ಎಲ್ಲಿ ತಂಪು ಅನ್ನೋದು ಅದಕ್ಕೆ ಬೇಕಾಗಿಲ್ಲ. ಪಿಟಿ100 ಅನ್ನೋ ಪ್ಲಾಟಿನಂ ಸೆನ್ಸರ್ ತರದ್ದಾದ್ರೆ ಸೊನ್ನೆ ಡಿಗ್ರೀಲಿ 100 ಓಮ್, 100 ಡಿಗ್ರೀಲಿ 138.5 ಓಮ್, ಒಂದು ಡಿಗ್ರಿಗೆ 0.385 ಓಮ್. 22 ಗೇಜ್ ವೈರ್ ಹೋಗಿ ಬರೋ ದಾರಿ ಆರು ಮೀಟರ್ ಅಂದ್ರೂ ಸುಮಾರು 0.3 ಓಮ್ ಸೇರುತ್ತೆ, ಒಂದು ಡಿಗ್ರಿಗಿಂತ ಕಮ್ಮಿ ತಪ್ಪು, ಚಿಂತೆ ಬೇಡ. ಆದ್ರೆ ತುಕ್ಕು ಹಿಡಿದ ಒಂದು ಟರ್ಮಿನಲ್ ಒಂದು ಓಮ್ ಸೇರಿಸಿದ್ರೆ ಎರಡೂವರೆ ಡಿಗ್ರಿ ಹೋಯ್ತು. ರೋಟ್ಯಾಕ್ಸ್ 912 ಇಟ್ಕೊಂಡಿರೋರು ಓದ್ತಾ ಇದ್ರೆ, ನಿಮ್ಮ ಸಿಲಿಂಡರ್ ಹೆಡ್ ಸೆನ್ಸರೂ ಈ ರೆಸಿಸ್ಟೆನ್ಸ್ ಜಾತಿಯದ್ದೇ, ನಿಮಗೆ ಅಲ್ಲಿ ಕಾಪರ್ ನಡೆಯುತ್ತೆ, ಇಜಿಟಿಗೆ ಮಾತ್ರ ಥರ್ಮೋಕಪಲ್ ವೈರ್ ಬೇಕು.

ಲ್ಯಾಂಡಿಂಗ್ ಲೈಟ್ ವಿಷಯಕ್ಕೆ ಬರೋಣ. ಆಯಿಲ್ ರೀಡಿಂಗ್ ಮೇಲೆ ಹಾರುತ್ತೆ ಅಂದ್ರಿ, ಹಂಗಾದ್ರೆ ನಿಮ್ಮದು ಒಂದೇ ವೈರ್ ಇರೋ ಸೆನ್ಸರ್ ಅನ್ಸುತ್ತೆ, ಗ್ರೌಂಡನ್ನ ಇಂಜಿನ್ ಬಾಡಿಯಿಂದ ತಗೊಳ್ಳೋ ತರದ್ದು. ಇದು ವೈರ್ ಟೈಪಿನ ತೊಂದರೆ ಅಲ್ಲ, ಗ್ರೌಂಡ್ ತೊಂದರೆ. ಮಾನಿಟರ್ ತನ್ನ ಗ್ರೌಂಡ್ ಪಿನ್ನಿಗೂ ಸೆನ್ಸರ್‌ಗೂ ಮಧ್ಯ ಇರೋ ವೋಲ್ಟೇಜ್ ನೋಡುತ್ತೆ, ಸೆನ್ಸರ್ ಇಂಜಿನ್ ಮೇಲಿದೆ, ಇಂಜಿನ್ನೂ ಮಾನಿಟರ್ ಗ್ರೌಂಡೂ ಒಂದೇ ಮಟ್ಟದಲ್ಲಿವೆ ಅಂತ ಅದು ನಂಬಿಕೊಂಡಿದೆ. ನೀವು ಮಾನಿಟರ್ ಗ್ರೌಂಡನ್ನೂ ಲ್ಯಾಂಡಿಂಗ್ ಲೈಟ್ ಗ್ರೌಂಡನ್ನೂ ಸೇರಿಸಿ ಒಂದೇ 20 ಗೇಜ್ ವೈರಲ್ಲಿ ಒಂದು ಮೀಟರ್ ಎಳೆದಿದ್ರೆ ಆ ವೈರಿನ ರೆಸಿಸ್ಟೆನ್ಸ್ 0.033 ಓಮ್, 12 ವೋಲ್ಟಿನ 100 ವ್ಯಾಟ್ ಲೈಟ್ ಎಳೆಯೋದು 8 ಆಂಪ್, ಗುಣಿಸಿದ್ರೆ ಕಾಲು ವೋಲ್ಟ್. ಲೈಟ್ ಹಾಕಿದ ಕ್ಷಣಕ್ಕೆ ಮಾನಿಟರಿನ ಸೊನ್ನೆನೇ ಕಾಲು ವೋಲ್ಟ್ ಮೇಲೆ ಹೋಯ್ತು, ಸೆನ್ಸರ್ ವೋಲ್ಟೇಜ್ ಅಷ್ಟು ಕಮ್ಮಿ ಕಾಣುತ್ತೆ, ಬಿಸಿಯಾದಷ್ಟೂ ರೆಸಿಸ್ಟೆನ್ಸ್ ಇಳಿಯೋ ಸೆನ್ಸರ್ ಆಗಿದ್ರೆ ಮಾನಿಟರ್ ಅದನ್ನ ಬಿಸಿ ಅಂತ ಓದುತ್ತೆ. ಥರ್ಮೋಕಪಲ್‌ಗಳಿಗೆ ಇದು ಇನ್ನೂ ಸೂಕ್ಷ್ಮ, ಒಂದು ಡಿಗ್ರಿಗೆ ಕೆ ಟೈಪಲ್ಲಿ ಸುಮಾರು 41, ಜೆ ಟೈಪಲ್ಲಿ 52 ಮೈಕ್ರೋವೋಲ್ಟ್ ಅಷ್ಟೇ ಸಿಗೋದು, ಅಂದ್ರೆ ಒಂದು ಮಿಲಿವೋಲ್ಟ್ ನುಸುಳಿದ್ರೆ ಇಪ್ಪತ್ತು ಡಿಗ್ರಿ. ಮಾನಿಟರ್‌ಗಳು ಎರಡು ತಂತಿಯ ವ್ಯತ್ಯಾಸ ಮಾತ್ರ ನೋಡೋದ್ರಿಂದ ಸಾಮಾನ್ಯವಾಗಿ ತಡ್ಕೊಳ್ತವೆ, ಆದ್ರೆ ತುದಿ ಲೋಹದ ಕವಚಕ್ಕೇ ಬೆಸೆದಿರೋ ಗ್ರೌಂಡೆಡ್ ಪ್ರೋಬ್ ಆದ್ರೆ ತಡ್ಕೊಳ್ಳೋದಕ್ಕೂ ಮಿತಿ ಇದೆ.

ಕಂಡುಹಿಡಿಯೋದು ಸುಲಭ. ಮಲ್ಟಿಮೀಟರನ್ನ ಮಿಲಿವೋಲ್ಟ್‌ಗೆ ಇಟ್ಟು ಒಂದು ಮೊನೆ ಇಂಜಿನ್ ಕ್ರ್ಯಾಂಕ್‌ಕೇಸಿನ ಪೇಂಟ್ ಇಲ್ಲದ ಬೋಲ್ಟ್ ಮೇಲೆ, ಇನ್ನೊಂದು ಮೊನೆ ಮಾನಿಟರ್ ಗ್ರೌಂಡ್ ಪಿನ್ ಮೇಲೆ ಹಿಡೀರಿ. ಮಾಸ್ಟರ್ ಸ್ವಿಚ್ ಹಾಕಿ, ಆಮೇಲೆ ಒಂದೊಂದೇ ಸ್ವಿಚ್ ಹಾಕ್ತಾ ಹೋಗಿ. ಮೂರ್ನಾಲ್ಕು ಮಿಲಿವೋಲ್ಟ್ ಒಳಗೆ ಇದ್ರೆ ಒಳ್ಳೇದು, ಲ್ಯಾಂಡಿಂಗ್ ಲೈಟ್‌ಗೆ ನೂರಿನ್ನೂರು ಹಾರಿದ್ರೆ ಕಳ್ಳ ಸಿಕ್ಕ. ಮಾನಿಟರ್ ಗ್ರೌಂಡನ್ನ ಬೇರೆ ವೈರಲ್ಲಿ ನೇರವಾಗಿ ಫೈರ್‌ವಾಲ್‌ನ ಮುಖ್ಯ ಗ್ರೌಂಡ್ ಬ್ಲಾಕ್‌ಗೆ ತನ್ನಿ, ಇಂಜಿನ್ ಸ್ಟ್ರ್ಯಾಪೂ ಬ್ಯಾಟರಿ ಮೈನಸ್ಸೂ ಅಲ್ಲೇ ಸೇರಲಿ. ಇಂಜಿನ್ ಸ್ಟ್ರ್ಯಾಪ್ ದಪ್ಪದ್ದೇ ಇರಬೇಕು, ಇಂಜಿನ್ ಕೂತಿರೋದು ರಬ್ಬರ್ ಮೇಲೆ, ಸ್ಟ್ರ್ಯಾಪ್ ಸಡಿಲಾದ್ರೆ ಸ್ಟಾರ್ಟರಿನ ಇನ್ನೂರು ಆಂಪ್ ವಾಪಸ್ ಬರೋಕೆ ಥ್ರಾಟಲ್ ಕೇಬಲ್ಲು, ಪ್ರೋಬ್ ಕವಚ, ಸಿಕ್ಕಿದ್ದನ್ನೆಲ್ಲ ದಾರಿ ಮಾಡ್ಕೊಳ್ಳುತ್ತೆ, ಕೇಬಲ್ ಸುಟ್ಟೂ ಹೋಗುತ್ತೆ. ಆಯಿಲ್ ಸೆನ್ಸರ್ ಥ್ರೆಡ್‌ಗೆ ಟೆಫ್ಲಾನ್ ಟೇಪ್ ಸುತ್ತಿದ್ರೆ ಬಿಚ್ಚಿ ತೆಗೀರಿ, ಆ ಥ್ರೆಡ್ಡೇ ಅದರ ಗ್ರೌಂಡ್. ಮುಂದೆ ರೇಡಿಯೋದಲ್ಲಿ ಮಾತಾಡುವಾಗ ಮಾತ್ರ ರೀಡಿಂಗ್ ಕುಣಿದ್ರೆ ಅದು ಬೇರೆ ಕಾಯಿಲೆ, ಆಂಟೆನಾ ಕೋಯಾಕ್ಸ್ ಗ್ರೌಂಡೂ ವೈರ್‌ಗಳ ಅಂತರವೂ ನೋಡಬೇಕು.

ಕೊನೇದಾಗಿ ಟೆಸ್ಟ್. ಪ್ರೋಬ್‌ಗಳನ್ನ ಇಂಜಿನ್‌ಗೆ ಹಾಕೋ ಮುಂಚೆ ಒಂದೊಂದನ್ನೇ ಕುದಿಯೋ ನೀರಲ್ಲಿ ಅದ್ದಿ, ಸಮುದ್ರ ಮಟ್ಟದಲ್ಲಿ 100 ಡಿಗ್ರಿ, ಎತ್ತರ 300 ಮೀಟರ್ ಹೆಚ್ಚಾದಷ್ಟೂ ಹತ್ತಿರ ಹತ್ತಿರ ಒಂದು ಡಿಗ್ರಿ ಇಳಿಸ್ಕೊಳ್ಳಿ. ಪ್ರೋಬ್ ನೀರಲ್ಲಿ ಇದ್ದಾಗ್ಲೇ ಫೈರ್‌ವಾಲ್ ಹತ್ರದ ಜಾಯಿಂಟ್‌ಗೆ ಹೇರ್ ಡ್ರೈಯರ್ ಹಿಡೀರಿ, ಶೆಡ್‌ನಲ್ಲಿ ಮಾಡಬಹುದಾದ ನಿಜವಾದ ಟೆಸ್ಟ್ ಇದು. ಜಾಯಿಂಟ್ ಬಿಸಿಯಾದ್ರೂ ರೀಡಿಂಗ್ ಅಲ್ಲಾಡದೇ ಇದ್ರೆ ವೈರ್ ಸರಿಯಿದೆ. ರೀಡಿಂಗ್ ಇಳಿದ್ರೆ ಮಧ್ಯ ಕಾಪರ್ ಇದೆ ಅಥವಾ ಎಕ್ಸ್‌ಟೆನ್ಷನ್ ಉಲ್ಟಾ ಇದೆ. ಈಗ ನೀವು ಜೋಡಿಸಿರೋ ಕಾಪರ್ ವೈರ್ ಬಿಚ್ಚೋ ಮುಂಚೆ ಒಂದು ಸಲ ಇದನ್ನ ಮಾಡಿ ನೋಡಿ, ನಂಬರ್ ಕಣ್ಣೆದುರೇ ಇಳಿಯುತ್ತೆ. ಪ್ರೋಬ್ ಇಂಜಿನ್‌ಗೆ ಹಾಕಿದ ಮೇಲೆ ಒಬ್ರು ಒಳಗೆ ಕೂತು ಸ್ಕ್ರೀನ್ ನೋಡ್ಲಿ, ಇನ್ನೊಬ್ರು ಹೊರಗಿಂದ ಒಂದೊಂದೇ ಪ್ರೋಬ್ ಬಿಸಿ ಮಾಡಿ, ಮೂರು ಬಿಸಿ ಮಾಡಿದಾಗ ಮೂರೇ ಏರ್ತಿದೆಯಾ ಅಂತ ಖಾತ್ರಿ ಮಾಡ್ಕೊಳ್ಳಿ. ಲೈಕಮಿಂಗ್‌ನಲ್ಲಿ ಒಂದನೇ ಸಿಲಿಂಡರ್ ಮುಂದೆ ಬಲಗಡೆ, ಕಾಂಟಿನೆಂಟಲ್‌ನಲ್ಲಿ ಹಿಂದೆ ಬಲಗಡೆ, ಬೇರೆ ಇಂಜಿನ್‌ನ ಡ್ರಾಯಿಂಗ್ ನೋಡ್ಕೊಂಡು ವೈರ್ ಮಾಡಿದ್ರೆ ನಂಬರ್ ಎಲ್ಲ ತಲೆಕೆಳಗು.

ಎಕ್ಸ್‌ಟೆನ್ಷನ್ ವೈರ್ ಆರ್ಡರ್ ಮಾಡುವಾಗ ಗಟ್ಟಿ ಒಂಟಿ ತಂತಿ ಬೇಡ, ಎಳೆಎಳೆಯಾಗಿರೋ ಸ್ಟ್ರ್ಯಾಂಡೆಡ್ ತಗೊಳ್ಳಿ, ಟೆಫ್ಲಾನ್ ಅಥವಾ ಕ್ಯಾಪ್ಟಾನ್ ಇನ್ಸುಲೇಷನ್ ಇರೋದು, ಎಂಟೂ ಪ್ರೋಬ್‌ಗೆ ಎರಡೆರಡು ಮೀಟರ್ ಲೆಕ್ಕ ಹಾಕಿ. ಅದು ಬರೋ ಅಷ್ಟರಲ್ಲಿ ಆ ಮಿಲಿವೋಲ್ಟ್ ಟೆಸ್ಟ್ ಮಾಡಿ, ಯಾವ ಸ್ವಿಚ್‌ಗೆ ಎಷ್ಟು ಬಂತು ಅಂತ ಬರೆದು ಕಳಿಸಿ, ಆಯಿಲ್ ಸೆನ್ಸರಿಗೆ ಒಂದು ವೈರೋ ಎರಡೋ ಅನ್ನೋದನ್ನೂ ತಿಳಿಸಿ, ಗ್ರೌಂಡ್ ಎಲ್ಲಿ ತಪ್ಪಿದೆ ಅಂತ ಅದರ ಮೇಲೆ ಹೇಳ್ತೀನಿ.